ಒಂದು ಪತ್ರ, ಮೂರು ಕರ್ಸರ್

ಇಂಗ್ಲಿಷ್ ಬೋಧನೆಯ ಚರಿತ್ರೆಯಲ್ಲಿ ಬೆಂಗಳೂರಿಗೆ ದೊಡ್ಡ ಹೆಸರಿದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ಮುಂದಾಳತ್ವದಲ್ಲಿ ಬೆಂಗಳೂರು, ಮದ್ರಾಸು ಮೊದಲಾದ ಊರುಗಳ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಭಾಷಾಬೋಧನೆಯ ಪಠ್ಯಗಳು ಅದನ್ನು ಇಂದಿಗೂ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಕರೆಯುತ್ತವೆ. ವ್ಯಾಕರಣದ ಪಾಠವನ್ನು ಬದಿಗಿಟ್ಟು, ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿಯನ್ನೋ ಊರಿನ ನಕ್ಷೆಯನ್ನೋ ಇಟ್ಟು, ಗಣಿತದ ಲೆಕ್ಕ ಬಿಡಿಸಿದ ಹಾಗೆ ಇಂಗ್ಲಿಷಿನಲ್ಲಿ ಸಮಸ್ಯೆ ಬಿಡಿಸಲು ಹೇಳುತ್ತಿದ್ದರು. ಗಮನ ಅರ್ಥದ ಮೇಲಿದ್ದಾಗಲೇ ಭಾಷೆಯ ರೂಪ ಚೆನ್ನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಿಲುವು. ಇಂದು ಜಗತ್ತಿನ ಎಷ್ಟೋ ಕಡೆ ಪಾಠವನ್ನು ‘ಟಾಸ್ಕ್’ ಸುತ್ತ ಕಟ್ಟುತ್ತಾರಲ್ಲ, ಅದರ ಒಂದು ಬೇರು ಇಲ್ಲಿದೆ.

ಆ ಪ್ರಯೋಗದ ಇನ್ನೊಂದು ಸಂಗತಿ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಪ್ರಭು ತರಗತಿಯನ್ನು ಗುಂಪುಗಳಾಗಿ ಒಡೆಯಲಿಲ್ಲ. ಶಿಕ್ಷಕರು ಮೊದಲು ಇಡೀ ತರಗತಿಯ ಜೊತೆ ಒಂದು ಸಮಸ್ಯೆ ಬಿಡಿಸುವುದು, ಆಮೇಲೆ ಅಂಥದ್ದೇ ಇನ್ನೊಂದನ್ನು ಪ್ರತಿ ವಿದ್ಯಾರ್ಥಿ ತಾನೇ ಬಿಡಿಸುವುದು, ಇದು ಕ್ರಮ. ಪಕ್ಕದವರನ್ನು ಕೇಳಲು ಅಡ್ಡಿಯಿರಲಿಲ್ಲ, ಆದರೆ ಗುಂಪುಕೆಲಸ ಪದ್ಧತಿಯ ಭಾಗವಾಗಿರಲಿಲ್ಲ. ಅರೆಬರೆ ಇಂಗ್ಲಿಷ್ ಬರುವ ನಾಲ್ವರು ತಮ್ಮತಮ್ಮಲ್ಲೇ ಮಾತಾಡಿಕೊಂಡರೆ ಒಬ್ಬರ ತಪ್ಪು ಇನ್ನೊಬ್ಬರ ನಾಲಿಗೆಯಲ್ಲಿ ಗಟ್ಟಿಯಾಗುತ್ತದೆ, ಒಳ್ಳೆಯ ಇಂಗ್ಲಿಷ್ ಕಿವಿಗೆ ಬೀಳುವ ಹೊತ್ತೂ ಕಡಿಮೆಯಾಗುತ್ತದೆ ಎಂಬ ಅಳುಕು ಅವರಿಗಿತ್ತು.

ಗೂಗಲ್ ಡಾಕ್ಸ್, ಪ್ಯಾಡ್ಲೆಟ್, ವಿಕಿ ಎಂದು ಹೆಸರುಗಳನ್ನು ಸಾಲಾಗಿ ಹೇಳಿ, ‘ಇನ್ನು ಮಕ್ಕಳು ಕೂಡಿ ಕಲಿಯುತ್ತಾರೆ’ ಎಂದು ಮುಗಿಸುವ ತರಬೇತಿಗಳಲ್ಲಿ ನನಗೆ ಈ ಅಳುಕೇ ನೆನಪಾಗುತ್ತದೆ. ನಾಲ್ಕು ದಶಕದ ಹಿಂದಿನ ಆ ಪ್ರಶ್ನೆಗೆ ಉತ್ತರ ಕೊಡದೆ ಇವತ್ತಿನ ಸಲಕರಣೆಗಳನ್ನು ಹೊಗಳುವುದು ಸರಿಯಲ್ಲ. ಒಂದು ಉತ್ತರ ಸಿಗುತ್ತದೆ ಎಂದೇ ನನ್ನ ನಂಬಿಕೆ. ಅದನ್ನು ಕಾಣಬೇಕಾದರೆ ಮೊದಲು ಹಲವರು ಒಟ್ಟಿಗೆ ಬರೆಯುವ ಈ ಹಂಚಿದ ಪುಟ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕು.

ಬೇರೆಬೇರೆ ಕಡೆ ಕುಳಿತವರು ಒಂದೇ ಬರಹವನ್ನು ಪರದೆಯ ಮೇಲೆ ಒಟ್ಟಿಗೆ ತಿದ್ದಬಹುದು ಎಂದು ಕಂಪ್ಯೂಟರ್ ಸಂಶೋಧಕ ಡಗ್ಲಾಸ್ ಎಂಗೆಲ್‌ಬಾರ್ಟ್ 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದ ಸಭೆಯೊಂದರಲ್ಲಿ ಮಾಡಿ ತೋರಿಸಿದ್ದರು. ತೊಡಕಿದ್ದದ್ದು ಒಂದೇ ಗಳಿಗೆಯಲ್ಲಿ ಇಬ್ಬರು ಕೈಹಾಕಿದಾಗ. ಸಾಲಿನ ಆರಂಭದಲ್ಲಿ ನೀವು ‘ದ’ ಎಂಬ ಆರ್ಟಿಕಲ್ ಸೇರಿಸುತ್ತೀರಿ. ಇಂಗ್ಲಿಷಿನಲ್ಲಿ ಮೂರು ಅಕ್ಷರ, ಒಂದು ಖಾಲಿ ಜಾಗ. ಅದೇ ಕ್ಷಣ ಇನ್ನೊಬ್ಬರು ಇಪ್ಪತ್ತನೆಯ ಅಕ್ಷರ ಅಳಿಸುತ್ತಾರೆ. ನಿಮ್ಮ ತಿದ್ದುಪಡಿ ಮೊದಲು ತಲುಪಿದರೆ ಅವರ ಇಪ್ಪತ್ತನೆಯ ಅಕ್ಷರ ಈಗ ಇಪ್ಪತ್ತನಾಲ್ಕನೆಯದು. ಯಂತ್ರಕ್ಕೆ ಅದು ಗೊತ್ತಾಗದಿದ್ದರೆ ಬೇರೆ ಯಾವುದೋ ಅಕ್ಷರ ಮಾಯವಾಗುತ್ತದೆ. ಪ್ರತಿ ತಿದ್ದುಪಡಿಯನ್ನೂ ಒಂದು ಆದೇಶವೆಂದು ಎಣಿಸಿ, ಅದಕ್ಕಿಂತ ಮೊದಲು ಬಂದ ಆದೇಶಗಳಿಗೆ ತಕ್ಕಂತೆ ಅದನ್ನು ಹೊಂದಿಸುವ ಉಪಾಯವನ್ನು ಎಲ್ಲಿಸ್ ಮತ್ತು ಗಿಬ್ಸ್ ಎಂಬ ಇಬ್ಬರು ಸಂಶೋಧಕರು 1989ರಲ್ಲಿ ಮುಂದಿಟ್ಟರು. ಇವತ್ತಿನ ಗೂಗಲ್ ಡಾಕ್ಸ್‌ನ ಒಳಗೆ ಇರುವುದು ಆ ವಿಚಾರದ ಬೆಳೆದ ರೂಪವೇ.

ಶಿಕ್ಷಕರಿಗೆ ಇದರಿಂದ ಆದ ಲಾಭ ಬೇರೆ. ಬರಹವನ್ನು ಆದೇಶಗಳ ಸರಪಳಿಯಾಗಿ ಕಾಯ್ದಿಟ್ಟ ಮೇಲೆ ಅದನ್ನು ಮೊದಲಿನಿಂದ ಮತ್ತೆ ಆಡಿಸಿ ನೋಡಬಹುದು. 2008ರಲ್ಲಿ ಬಂದ ಈಥರ್‌ಪ್ಯಾಡ್ ಒಬ್ಬೊಬ್ಬರ ಅಕ್ಷರಕ್ಕೂ ಒಂದೊಂದು ಬಣ್ಣ ಕೊಟ್ಟಿತು, ಜೊತೆಗೊಂದು ಕಾಲಪಟ್ಟಿ ಇಟ್ಟಿತು. ಪಟ್ಟಿಯನ್ನು ಎಳೆದರೆ ಪತ್ರ ಹುಟ್ಟಿದ ಬಗೆಯೆಲ್ಲ ಕಾಣುತ್ತದೆ. ಗೂಗಲ್ ಡಾಕ್ಸ್‌ನಲ್ಲಿ ಅದೇ ಕೆಲಸಕ್ಕೆ ‘ವರ್ಷನ್ ಹಿಸ್ಟರಿ’ ಇದೆ. ಶಾಯಿಯಲ್ಲಿ ಬರೆದ ಹಾಳೆ ನಮ್ಮ ಮೇಜಿಗೆ ಬರುವಾಗ ಅದರ ಹಿಂದಿನ ಗೊಂದಲ, ಹೊಡೆದುಹಾಕಿದ ಸಾಲು, ಗೆಳತಿ ಹೇಳಿಕೊಟ್ಟ ಪದ ಎಲ್ಲ ಮರೆಯಾಗಿರುತ್ತವೆ. ಹಂಚಿದ ಪುಟದಲ್ಲಿ ಅವು ಉಳಿಯುತ್ತವೆ. ಭಾಷೆ ಕಲಿಸುವವರಿಗೆ ನಿಜವಾಗಿ ಬೇಕಾದದ್ದು ಈ ಉಳಿದದ್ದೇ.

ತಾಲ್ಲೂಕು ಕೇಂದ್ರದ ಪದವಿ ಕಾಲೇಜೊಂದನ್ನು ಊಹಿಸಿಕೊಳ್ಳಿ. ಮೊದಲ ವರ್ಷದ ಮೂವರು: ಸುಮಾ, ಫಾತಿಮಾ, ಮಂಜುನಾಥ. ಬೆಳಗಿನ ಬಸ್ಸು ತುಂಬಿ ಬರುತ್ತದೆ, ಊರಿನ ಬಳಿ ನಿಲ್ಲಿಸುವುದಿಲ್ಲ; ಮೊದಲ ಪಿರಿಯಡ್ ತಪ್ಪುತ್ತದೆ. ಕೆಎಸ್‌ಆರ್‌ಟಿಸಿ ಡಿಪೋ ಮ್ಯಾನೇಜರ್‌ಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕು. ಶಿಕ್ಷಕಿ ಒಂದು ಉಪಾಯ ಮಾಡಿದ್ದಾರೆ. ಬಸ್ಸು ಬರುವ ಹೊತ್ತುಗಳನ್ನು ಗುರುತು ಹಾಕಿಕೊಂಡವಳು ಸುಮಾ. ಯಾವ ಊರಿನಿಂದ ಎಷ್ಟು ಮಂದಿ ಬರುತ್ತಾರೆಂದು ಕೇಳಿ ಬಂದವಳು ಫಾತಿಮಾ. ಹೋದ ವರ್ಷ ಊರವರು ಕೊಟ್ಟ ಕನ್ನಡದ ಮನವಿಯ ಪ್ರತಿ ಇರುವುದು ಮಂಜುನಾಥನ ಕೈಯಲ್ಲಿ. ಯಾರೊಬ್ಬರಿಂದಲೂ ಪತ್ರ ಪೂರ್ತಿಯಾಗುವುದಿಲ್ಲ. ಮಾಹಿತಿ ಹೀಗೆ ಹಂಚಿಹೋಗಿರುವ ಚಟುವಟಿಕೆಗೆ ಪ್ರಭು ಅವರೂ ‘ಇನ್‌ಫರ್ಮೇಶನ್ ಗ್ಯಾಪ್’ ಎಂಬ ಹೆಸರನ್ನೇ ಬಳಸಿದ್ದರು.

ಪರದೆಯ ಮೇಲೆ ಮೂರು ಬಣ್ಣದ ಕರ್ಸರ್. ಸುಮಾ ಬರೆಯುತ್ತಾಳೆ: ‘ವಿ ರಿಕ್ವೆಸ್ಟ್ ಯು ಟು ಅರೇಂಜ್ ಒನ್ ಬಸ್ ಅಟ್ 7.30.’ ಫಾತಿಮಾಳ ಕರ್ಸರ್ ಬಂದು ‘ಒನ್’ ಅಳಿಸಿ ‘ಎ’ ಹಾಕುತ್ತದೆ. ಸುಮಾ ಮತ್ತೆ ‘ಒನ್’ ತರುತ್ತಾಳೆ. ಪಕ್ಕದ ಕಮೆಂಟ್‌ನಲ್ಲಿ ಜಗಳ ಶುರು.

‘ಒಂದು ಬಸ್ಸು ಅಂದ್ರೆ ಒನ್ ಬಸ್ಸೇ ಅಲ್ವೇನೇ?’

‘ಹಂಗ್ ಬರದ್ರೆ ಎರಡು ಬೇಡ, ಒಂದೇ ಸಾಕು ಅಂದಂಗಾಗುತ್ತೆ ಕಣೇ.’

ಮಂಜುನಾಥ ಈ ನಡುವೆ ಬರೆದ ಸಾಲು ‘ದ ಬಸ್ ಈಸ್ ನಾಟ್ ಸ್ಟಾಪಿಂಗ್ ಎವೆರಿ ಡೇ’. ಅದನ್ನು ಓದಿದ ಫಾತಿಮಾ ಕೇಳುತ್ತಾಳೆ: ‘ದಿನಾ ನಿಲ್ಸಲ್ಲ ಅಂತಾನಾ, ಕೆಲವು ದಿನ ನಿಲ್ಸಿ ಕೆಲವು ದಿನ ನಿಲ್ಸಲ್ಲ ಅಂತಾನಾ?’ ಸುಮಾಳ ಪಟ್ಟಿ ತೆಗೆದು ನೋಡಿದರೆ ವಾರದಲ್ಲಿ ನಾಲ್ಕು ದಿನ ನಿಲ್ಲಿಸಿಲ್ಲ. ಸಾಲು ಬದಲಾಗುತ್ತದೆ: ‘ಆನ್ ಮೋಸ್ಟ್ ಡೇಸ್ ದ ಬಸ್ ಡಸ್ ನಾಟ್ ಸ್ಟಾಪ್.’ ವರ್ತಮಾನಕಾಲದ ಎರಡು ರೂಪಗಳ ವ್ಯತ್ಯಾಸವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದರೂ ತಲೆಗೆ ಹೋಗದವರಿಗೆ, ತಮ್ಮದೇ ದೂರು ತಪ್ಪಾಗಿ ಓದಿಸಿಕೊಳ್ಳುತ್ತಿದೆ ಎಂದಾಗ ಅದು ತಟ್ಟನೆ ಹೊಳೆಯುತ್ತದೆ. ಶಿಕ್ಷಕಿ ಇದನ್ನೆಲ್ಲ ತಮ್ಮ ಮೇಜಿನಿಂದ ಓದುತ್ತಿರುತ್ತಾರೆ. ‘ಒನ್’ ಮತ್ತು ‘ಎ’ ಜಗಳದ ಪಕ್ಕದಲ್ಲಿ ಅವರ ಒಂದೇ ಪ್ರಶ್ನೆ: ‘ಎಷ್ಟು ಬಸ್ಸು ಬೇಕು ಎನ್ನುತ್ತಿದ್ದೀರಾ, ಬಸ್ಸು ಬೇಕು ಎನ್ನುತ್ತಿದ್ದೀರಾ?’ ಉತ್ತರ ಹೇಳಲಿಲ್ಲ, ಬಿಟ್ಟರು.

ಕೊನೆಗೆ ‘ಕೈಂಡ್ಲಿ ಡೂ ದ ನೀಡ್‌ಫುಲ್’ ಎಂದು ಮಂಜುನಾಥ ಸೇರಿಸುತ್ತಾನೆ. ಕೆಲವು ಶಿಕ್ಷಕರು ಇದನ್ನು ಕಂಡೊಡನೆ ಹೊಡೆದುಹಾಕುತ್ತಾರೆ. ನಾನಾದರೆ ಬಿಡುತ್ತೇನೆ. ನಮ್ಮ ಕಚೇರಿಗಳ ಇಂಗ್ಲಿಷ್ ಅದು, ಓದುವ ಅಧಿಕಾರಿಗೆ ಅದು ಮರ್ಯಾದೆಯ ಮಾತು.

ಆ ಮೂವರ ಚರ್ಚೆ ಕನ್ನಡದಲ್ಲಿ ನಡೆಯಿತು ಎಂಬುದನ್ನು ಗಮನಿಸಿ. ‘ಓನ್ಲಿ ಇಂಗ್ಲಿಷ್’ ಎಂದು ಫಲಕ ಹಾಕುವ ಸಂಸ್ಥೆಗಳು ಇದನ್ನು ತಪ್ಪೆಂದಾವು. ಕೆನಡಾದ ಮೆರಿಲ್ ಸ್ವೇನ್ ಮತ್ತು ಶ್ಯಾರನ್ ಲ್ಯಾಪ್ಕಿನ್, ಫ್ರೆಂಚ್ ಕಲಿಯುತ್ತಿದ್ದ ಇಂಗ್ಲಿಷ್ ಮಾತಿನ ಮಕ್ಕಳು ಜೋಡಿಯಾಗಿ ಕೆಲಸ ಮಾಡುವಾಗ ಮನೆಮಾತನ್ನು ಯಾತಕ್ಕೆ ಬಳಸುತ್ತಾರೆಂದು ನೋಡಿ 2000ದಲ್ಲಿ ಪ್ರಬಂಧ ಪ್ರಕಟಿಸಿದರು. ಹೆಚ್ಚಾಗಿ ಕೆಲಸವನ್ನು ಮುಂದಕ್ಕೆ ಸಾಗಿಸಲು, ಒಂದು ಪದ ಅಥವಾ ರೂಪದ ಮೇಲೆ ಗಮನ ನಿಲ್ಲಿಸಲು, ಒಬ್ಬರೊಡನೊಬ್ಬರು ಹೊಂದಿಕೊಳ್ಳಲು. ‘ಎ’ ಮತ್ತು ‘ಒನ್’ ನಡುವಿನ ಭೇದವನ್ನು ಇಂಗ್ಲಿಷಿನಲ್ಲೇ ವಾದಿಸುವ ಶಕ್ತಿ ಸುಮಾಳಿಗೆ ಇದ್ದಿದ್ದರೆ ಅವಳಿಗೆ ಆ ಪಾಠವೇ ಬೇಕಿರಲಿಲ್ಲ. ಯೋಚನೆಗೆ ಕನ್ನಡ, ಪತ್ರಕ್ಕೆ ಇಂಗ್ಲಿಷ್: ಈ ಏರ್ಪಾಟಿಗೆ ಶಿಕ್ಷಕರು ನಾಚಬೇಕಿಲ್ಲ.

ಸ್ವೇನ್ ಅವರ ಹೆಸರು ಬಂದದ್ದು ಒಳ್ಳೆಯದೇ ಆಯಿತು. ಪ್ರಭು ಅವರ ಪ್ರಯೋಗ ಮುಗಿದ ಮರುವರ್ಷ, 1985ರಲ್ಲಿ, ಸ್ವೇನ್ ಒಂದು ವಾದ ಮುಂದಿಟ್ಟರು. ಕೆನಡಾದ ಶಾಲೆಗಳಲ್ಲಿ ವರ್ಷಗಟ್ಟಲೆ ಫ್ರೆಂಚ್‌ನಲ್ಲೇ ಪಾಠ ಕೇಳಿದ ಮಕ್ಕಳಿಗೆ ಕೇಳಿದ್ದು ಅರ್ಥವಾಗುತ್ತಿತ್ತು, ಆದರೆ ಮಾತಿನಲ್ಲಿ ಬರಹದಲ್ಲಿ ತಪ್ಪುಗಳು ಉಳಿದೇ ಇದ್ದವು. ಕೇಳಿ ಅರ್ಥಮಾಡಿಕೊಳ್ಳುವಾಗ ಪ್ರತ್ಯಯಗಳನ್ನು ಹಾರಿಸಿಕೊಂಡು ಹೋದರೂ ನಡೆಯುತ್ತದೆ. ತಾನೇ ವಾಕ್ಯ ಕಟ್ಟುವಾಗ ಆ ಸೌಲಭ್ಯವಿಲ್ಲ. ಬರೆಯಲು ಹೊರಟಾಗಲೇ ತನಗೇನು ಗೊತ್ತಿಲ್ಲ ಎಂಬುದು ಗೊತ್ತಾಗುತ್ತದೆ. ಮೆಲ್ಬರ್ನ್‌ನ ನಿಯೋಮಿ ಸ್ಟಾರ್ಕ್ ಇದನ್ನು ಜೋಡಿ ಬರವಣಿಗೆಯಲ್ಲಿ ಪರೀಕ್ಷಿಸಿದರು. 2005ರ ಅವರ ಸಣ್ಣ ಅಧ್ಯಯನದಲ್ಲಿ ಜೋಡಿಯಾಗಿ ಬರೆದವರ ಬರಹ ಒಬ್ಬೊಬ್ಬರೇ ಬರೆದದ್ದಕ್ಕಿಂತ ಚಿಕ್ಕದು, ಆದರೆ ತಪ್ಪು ಕಡಿಮೆ, ವಾಕ್ಯರಚನೆ ಹೆಚ್ಚು ಸಂಕೀರ್ಣ. ಮಾತಿನ ಗುಂಪುಕೆಲಸಕ್ಕೂ ಬರಹದ ಗುಂಪುಕೆಲಸಕ್ಕೂ ಇರುವ ಅಂತರ ಇಲ್ಲಿ ಮುಖ್ಯ. ಆಡಿದ ಮಾತು ಗಾಳಿಗೆ ಹೋಗುತ್ತದೆ, ತಪ್ಪು ಹಿಡಿಯುವಷ್ಟರಲ್ಲಿ ಮುಂದಿನ ಮಾತು ಬಂದಿರುತ್ತದೆ. ಬರೆದದ್ದು ಮೂವರ ಕಣ್ಣೆದುರು ನಿಂತಿರುತ್ತದೆ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಬಹುದು, ನಿಘಂಟು ತೆಗೆಯಬಹುದು, ಶಿಕ್ಷಕರನ್ನು ಕೂಗಬಹುದು. ಪ್ರಭು ಅವರ ಅಳುಕಿಗೆ ನನ್ನ ಉತ್ತರ ಇದು.

ಅರ್ಧ ಉತ್ತರ ಮಾತ್ರ ಎಂದು ಒಪ್ಪಬೇಕು. ಗ್ರೆಗ್ ಕೆಸ್ಲರ್ 2009ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಮೆಕ್ಸಿಕೊದ ದೊಡ್ಡ ವಿಶ್ವವಿದ್ಯಾಲಯವೊಂದರಲ್ಲಿ ಇಂಗ್ಲಿಷ್ ಶಿಕ್ಷಕರಾಗಲು ಓದುತ್ತಿದ್ದ 40 ಮಂದಿ, 16 ವಾರ, ಒಂದು ವಿಕಿ. ಒಬ್ಬರ ಬರಹವನ್ನು ಇನ್ನೊಬ್ಬರು ತಿದ್ದುವ ಸ್ವಾತಂತ್ರ್ಯ ಎಲ್ಲರಿಗೂ ಇತ್ತು. ಅವರು ತಿದ್ದಿದರು ಕೂಡ, ಆದರೆ ಹೆಚ್ಚಾಗಿ ವಿಷಯವನ್ನು. ಅರ್ಥ ಕೆಡದ ವ್ಯಾಕರಣದೋಷಗಳನ್ನು, ತಿದ್ದುವ ಸಾಮರ್ಥ್ಯವಿದ್ದರೂ, ಹಾಗೇ ಬಿಟ್ಟರು. ನಾಳೆ ತರಗತಿಯಲ್ಲಿ ನಿಲ್ಲಲಿರುವವರೇ ಹೀಗೆ ಮಾಡಿದರೆ ನಮ್ಮ ಸುಮಾ, ಮಂಜುನಾಥರ ಪಾಡೇನು? ಹಾಗಾಗಿ ತಿದ್ದುವುದಕ್ಕೆ ಪ್ರತ್ಯೇಕ ಸುತ್ತು ಬೇಕು. ಮೊದಲ ದಿನ ವಿಷಯ ಮಾತ್ರ. ಎರಡನೆಯ ದಿನ ಪುಟವನ್ನು ‘ಸಜೆಸ್ಟಿಂಗ್’ ಸ್ಥಿತಿಗೆ ತಂದು, ಯಾರೂ ಏನನ್ನೂ ನೇರವಾಗಿ ಅಳಿಸದ ಹಾಗೆ ಮಾಡಿ, ಕ್ರಿಯಾಪದಗಳನ್ನು ಮಾತ್ರ ನೋಡುವುದು ಅಥವಾ ಆರ್ಟಿಕಲ್‌ಗಳನ್ನು ಮಾತ್ರ ನೋಡುವುದು. ಆಮೇಲೆ, ಮರುವಾರ, ಮೂವರೂ ಬೇರೆಬೇರೆ ಕುಳಿತು ಅಂಥದ್ದೇ ಇನ್ನೊಂದು ಪತ್ರವನ್ನು ಒಬ್ಬೊಬ್ಬರೇ ಬರೆಯಬೇಕು. ಕೂಡಿ ಬರೆದದ್ದರಲ್ಲಿ ಒಬ್ಬೊಬ್ಬರಿಗೆ ದಕ್ಕಿದ್ದೆಷ್ಟು ಎಂದು ಅಲ್ಲೇ ತಿಳಿಯುವುದು. ಈ ಕೊನೆಯ ಹಂತವನ್ನು ಬಿಟ್ಟುಬಿಡುವ ಶಿಕ್ಷಕರು ಪತ್ರಕ್ಕೆ ಅಂಕ ಕೊಡುತ್ತಿದ್ದಾರೆ, ಕಲಿಕೆಗೆ ಅಲ್ಲ.

ಇನ್ನು ಸುಮ್ಮನೆ ಕೂರುವವರ ವಿಷಯ. ಜೋಡಿಗಳು ನಾಲ್ಕು ಬಗೆಯಲ್ಲಿ ನಡೆದುಕೊಳ್ಳುತ್ತವೆ ಎಂದು ಸ್ಟಾರ್ಕ್ 2002ರಲ್ಲಿ ಗುರುತಿಸಿದ್ದರು. ಇಬ್ಬರೂ ಕೊಟ್ಟು ತೆಗೆದುಕೊಳ್ಳುವ ಜೋಡಿ. ಇಬ್ಬರೂ ತಮ್ಮದೇ ಸಾಧಿಸುವ ಜೋಡಿ. ಒಬ್ಬರು ಆಳಿ ಇನ್ನೊಬ್ಬರು ಹೂಂಗುಟ್ಟುವ ಜೋಡಿ. ತಿಳಿದವರು ತಿಳಿಯದವರನ್ನು ಕೈಹಿಡಿದು ನಡೆಸುವ ಜೋಡಿ. ಮೊದಲ ಮತ್ತು ಕೊನೆಯ ಬಗೆಯಲ್ಲಿ ಕಲಿಕೆ ಹೆಚ್ಚು ಕಂಡಿತು. ನಮ್ಮ ತರಗತಿಗಳಲ್ಲಿ ಮೂರನೆಯದೇ ಎದ್ದು ಕಾಣುತ್ತದೆ: ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬಂದವರು ಬರೆಯುತ್ತಾರೆ, ಕನ್ನಡ ಮಾಧ್ಯಮದವರು ‘ನಮ್ಮದೂ ಹೆಸರು ಸೇರಿಸು’ ಎನ್ನುತ್ತಾರೆ. ಕಾಗದದ ಗುಂಪುಕೆಲಸದಲ್ಲಿ ಇದು ಎಂದಿಗೂ ಹೊರಬೀಳುತ್ತಿರಲಿಲ್ಲ. ವರ್ಷನ್ ಹಿಸ್ಟರಿಯಲ್ಲಿ ಒಂದೇ ಬಣ್ಣ ತುಂಬಿಕೊಂಡಿದ್ದರೆ ಮೊದಲ ದಿನವೇ ಗೊತ್ತಾಗುತ್ತದೆ, ಗುಂಪನ್ನು ಬದಲಿಸಬಹುದು. ಆದರೆ ಬಣ್ಣವನ್ನು ಅಳತೆಗೋಲು ಮಾಡಿಕೊಂಡರೆ ಅನ್ಯಾಯ. ಮೇಲಿನ ಪತ್ರದಲ್ಲಿ ಫಾತಿಮಾ ಟೈಪ್ ಮಾಡಿದ್ದು ಅತಿ ಕಡಿಮೆ; ಪತ್ರ ತಿದ್ದಿಕೊಂಡದ್ದು ಅವಳ ಪ್ರಶ್ನೆಯಿಂದ. ಗೂಗಲ್ ಡಾಕ್ಸ್‌ನಲ್ಲಿ ಏಕಕಾಲಕ್ಕೆ 100 ಮಂದಿ ತಿದ್ದಬಹುದಂತೆ; ಇರಲಿ, ಇಂಗ್ಲಿಷ್ ತರಗತಿಗೆ ಒಂದು ಪುಟಕ್ಕೆ ಮೂವರಿಗಿಂತ ಹೆಚ್ಚು ಬೇಡ.

ಸಲಕರಣೆ ಸರಿಯಿದ್ದು ಕೆಲಸ ತಪ್ಪಾದರೆ ಏನಾಗುತ್ತದೆ ಎನ್ನುವುದಕ್ಕೆ ಪುಣೆಯ ಉದಾಹರಣೆ ಇದೆ. 2011ರಲ್ಲಿ ಅಲ್ಲಿನ ಕೆಲವು ಕಾಲೇಜುಗಳ ವಿದ್ಯಾರ್ಥಿಗಳಿಗೆ ತರಗತಿಯ ಕೆಲಸವಾಗಿ ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆಯಲು ಹೇಳಲಾಯಿತು. ಎಷ್ಟೋ ಮಂದಿ ಪುಸ್ತಕಗಳಿಂದ, ಜಾಲತಾಣಗಳಿಂದ ನಕಲು ಮಾಡಿ ಹಾಕಿದರು. ಹಕ್ಕುಸ್ವಾಮ್ಯದ ಉಲ್ಲಂಘನೆ ಅಳಿಸುವುದರಲ್ಲೇ ವಿಕಿಪೀಡಿಯದ ಸ್ವಯಂಸೇವಕರು ಸುಸ್ತಾದರು, ಪ್ರಯೋಗ ಅದೇ ವರ್ಷ ನಿಂತಿತು. ಆ ಮಕ್ಕಳನ್ನು ಮೋಸಗಾರರೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಪಠ್ಯದ ಸಾಲನ್ನು ಹಾಗೇ ಬರೆದರೆ ಪೂರ್ಣಾಂಕ ಸಿಗುವ ಪರೀಕ್ಷೆಗಳಲ್ಲಿ ಬೆಳೆದವರು ಅವರು. ಸ್ವಂತ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಅಭ್ಯಾಸವಿಲ್ಲದವರನ್ನು ಇಡೀ ಜಗತ್ತು ಓದುವ ಪುಟದ ಮುಂದೆ ಒಮ್ಮೆಲೇ ನಿಲ್ಲಿಸಿದಾಗ ಅವರು ಗೊತ್ತಿದ್ದ ದಾರಿಯನ್ನೇ ಹಿಡಿದರು. ಚಾಟ್‌ಜಿಪಿಟಿ ಬಂದ ಮೇಲೆ ಅದೇ ದಾರಿ ಇನ್ನೂ ಸಲೀಸಾಗಿದೆ. ಹಿಸ್ಟರಿಯಲ್ಲಿ ಇನ್ನೂರು ಪದಗಳ ಕಂತೆ ಒಂದೇ ಕ್ಷಣದಲ್ಲಿ ಬಂದು ಬಿದ್ದದ್ದು ಕಾಣಿಸುತ್ತದೆ, ನಿಜ. ನೋಡಿ ನೋಡಿ ಕೈಯಾರೆ ಟೈಪ್ ಮಾಡಿದರೆ ಅದೂ ಕಾಣಿಸದು. ಯಂತ್ರಕ್ಕೆ ತಿಳಿಯದ ವಿಷಯ ಕೊಡುವುದೇ ವಾಸಿ. ಆ ಊರಿನ ಬಸ್ಸು ಕಳೆದ ವಾರ ಎಷ್ಟು ದಿನ ನಿಲ್ಲಿಸಲಿಲ್ಲ ಎಂಬುದು ಸುಮಾಳ ನೋಟ್‌ಬುಕ್ಕಿನಲ್ಲಿ ಮಾತ್ರ ಇದೆ.

‘ಇದೆಲ್ಲ ಕಂಪ್ಯೂಟರ್ ಇದ್ದವರಿಗೆ’ ಎಂಬ ಮಾತು ಬಂದೇ ಬರುತ್ತದೆ, ಬರಲೂಬೇಕು. ರಾಷ್ಟ್ರೀಯ ಮಾದರಿ ಸಮೀಕ್ಷೆಯ 2017–18ರ ಸುತ್ತಿನ ಪ್ರಕಾರ ಭಾರತದ ಹಳ್ಳಿಗಳ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ 4.4ರಷ್ಟರಲ್ಲಿ, ಇಂಟರ್‌ನೆಟ್ ಸೌಲಭ್ಯ ಇದ್ದದ್ದು ಶೇ 14.9ರಷ್ಟರಲ್ಲಿ. ಮೊಬೈಲ್ ಇಂಟರ್‌ನೆಟ್ ಆಮೇಲೆ ಬಹಳ ಹರಡಿದೆ; ಆದರೂ ಮನೆಯ ಒಂದೇ ಸ್ಮಾರ್ಟ್‌ಫೋನ್ ಅಪ್ಪನ ಜೊತೆ ಹೊಲಕ್ಕೋ ಕೆಲಸಕ್ಕೋ ಹೋಗುತ್ತದೆ ಎಂಬುದನ್ನು ಕೋವಿಡ್ ಕಾಲದಲ್ಲಿ ಎಲ್ಲ ಶಿಕ್ಷಕರೂ ಕಂಡರು. ಹಾಗಿರುವಾಗ ಮನೆಗೆಲಸವಾಗಿ ಇದನ್ನು ಕೊಡುವುದು ಬಡವರ ಮಕ್ಕಳನ್ನು ಹೊರಗಿಟ್ಟಂತೆ. ತರಗತಿಯ ವೇಳೆಯಲ್ಲೇ ಮಾಡಿಸಬೇಕು. ಮೂವರಿಗೆ ಒಂದು ಫೋನ್ ಇದ್ದರೂ ಕೆಲಸ ನಡೆಯುತ್ತದೆ, ಏಕೆಂದರೆ ವಾದ ನಡೆಯುವುದು ಮೂರು ತಲೆಗಳ ನಡುವೆ. ಆಗ ಬಣ್ಣದ ಲಾಭ ತಪ್ಪುತ್ತದೆ ಅಷ್ಟೆ. ಲ್ಯಾಬ್ ಇದ್ದು ಇಂಟರ್‌ನೆಟ್ ಕೈಕೊಡುವ ಶಾಲೆಗಳಿಗೆ ಈಥರ್‌ಪ್ಯಾಡ್ ಒಂದು ವರ. ಅದು ಮುಕ್ತ ತಂತ್ರಾಂಶ; ಲ್ಯಾಬಿನ ಒಂದು ಕಂಪ್ಯೂಟರಿನಲ್ಲಿ ಹಾಕಿಟ್ಟರೆ ಉಳಿದವು ಒಳಗಿನ ಜಾಲದಲ್ಲೇ ಅದನ್ನು ತೆರೆಯುತ್ತವೆ. ಹೊರಗಿನ ಸಂಪರ್ಕ ಬೇಡ, ಮಕ್ಕಳಿಗೆ ಇಮೇಲ್ ವಿಳಾಸವೂ ಬೇಡ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಾಲಿಗೆ ಸಾಲು ಸೇರಿಸಿ ಕಥೆ ಕಟ್ಟಿಸುವ ಶಿಕ್ಷಕರಿದ್ದಾರೆ. ಸಂತೋಷದ ಆಟ ಅದು, ಆದರೆ ಹಿಂದಿನ ಸಾಲಿಗೆ ಹೋಗಿ ಕೂಡಿ ತಿದ್ದಲು ಅಲ್ಲಿ ಜಾಗವಿಲ್ಲ, ನಮಗೆ ಬೇಕಾದದ್ದು ತಿದ್ದುವುದೇ.

ಮಕ್ಕಳಿಗಿಂತ ಮೊದಲು ಶಿಕ್ಷಕರು ಹೀಗೆ ಬರೆದು ನೋಡಬೇಕು. ಕರ್ನಾಟಕದಲ್ಲಿ ಸರ್ಕಾರಿ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದದ್ದು 2007–08ರಲ್ಲಿ. ಕನ್ನಡ ಮಾಧ್ಯಮದಲ್ಲೇ ಓದಿ ಬಂದ ಎಷ್ಟೋ ಶಿಕ್ಷಕರು ಅಂದಿನಿಂದ ಆ ಹೊಣೆ ಹೊತ್ತಿದ್ದಾರೆ. ಅವರಿಗೆ ನೆರವಾಗುವ ಮಾದರಿ ನಮ್ಮಲ್ಲೇ ಇದೆ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಸೇರಿ ಕಟ್ಟಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ತಾಣ ನಡೆಯುವುದು ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶದ ಮೇಲೆಯೇ. ಪಾಠಕ್ಕೆ ಬೇಕಾದ ಸಾಮಗ್ರಿಯನ್ನು ಶಿಕ್ಷಕರೇ ಅಲ್ಲಿ ಬರೆದು ಬೆಳೆಸಬಹುದು. ಸಹೋದ್ಯೋಗಿಯೊಬ್ಬರು ತಮ್ಮ ಇಂಗ್ಲಿಷ್ ವಾಕ್ಯವನ್ನು ತಿದ್ದಿದಾಗ ಮುಖ ಕೆಂಪಾಗುವುದನ್ನು ಅನುಭವಿಸಿದ ಶಿಕ್ಷಕರು, ಹದಿನಾರರ ಹುಡುಗಿಯ ಸಾಲನ್ನು ಎಲ್ಲರೆದುರು ಅಳಿಸುವ ಮೊದಲು ಒಂದು ಗಳಿಗೆ ನಿಲ್ಲುತ್ತಾರೆ.

ಯಾವ ಒಂದು ಕಂಪನಿಯ ಸಲಕರಣೆಗೂ ಜೋತುಬೀಳಬಾರದು ಎಂಬುದಕ್ಕೆ ಪುರಾವೆ ಬೇಕಾದಷ್ಟಿದೆ. ಶಾಲೆಗಳು ನೆಚ್ಚಿದ್ದ ವಿಕಿಸ್ಪೇಸಸ್‌ನ ಉಚಿತ ಪುಟಗಳು 2018ರಲ್ಲಿ ಮುಚ್ಚಿದವು. ಕೋವಿಡ್ ಕಾಲದಲ್ಲಿ ಎಲ್ಲರೂ ಕಲಿತ ಗೂಗಲ್ ಜ್ಯಾಮ್‌ಬೋರ್ಡ್ 2024ರ ಕೊನೆಗೆ ನಿಂತಿತು. ಈಥರ್‌ಪ್ಯಾಡ್ ಕಂಪನಿಯನ್ನು ಗೂಗಲ್ 2009ರಲ್ಲಿ ಕೊಂಡು, ಮರುವರ್ಷ ಅದರ ತಾಣವನ್ನು ಮುಚ್ಚಿತು. ತಂತ್ರಾಂಶದ ಸಂಕೇತವನ್ನು ಮುಕ್ತವಾಗಿ ಬಿಟ್ಟದ್ದರಿಂದ ಮಾತ್ರ ಅದು ಬದುಕಿದೆ. ಆದ್ದರಿಂದ ಪ್ರತಿ ತಿಂಗಳ ಕೊನೆಗೆ ಪುಟಗಳನ್ನು ಇಳಿಸಿಕೊಂಡು ಶಾಲೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಎಣಿಸಿ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆಯನ್ನು ಮುಖ್ಯವಾಗಿಸಿದೆ. ಪಿಯುಸಿಯ ಬಹುಪಾಲು ವಿದ್ಯಾರ್ಥಿಗಳು ಆ ವಯಸ್ಸಿನೊಳಗೇ ಬರುತ್ತಾರೆ. ಖಾತೆ ತೆರೆಸುವ ಮೊದಲು ಮನೆಗೆ ಕನ್ನಡದಲ್ಲಿ ಒಂದು ಚೀಟಿ ಕಳಿಸಿ, ಮಗು ಎಲ್ಲಿ ಏನು ಬರೆಯುತ್ತದೆ, ಯಾರು ಓದುತ್ತಾರೆ ಎಂದು ತಿಳಿಸಿ. ಪುಟದ ಲಿಂಕನ್ನು ‘ಯಾರು ಬೇಕಾದರೂ ತಿದ್ದಬಹುದು’ ಎಂದು ಬಿಡಬೇಡಿ. ಮಕ್ಕಳ ಪೂರ್ತಿ ಹೆಸರು, ಫೋನ್ ನಂಬರ್, ಊರು ಒಂದೇ ಪುಟದಲ್ಲಿ ಇರದ ಹಾಗೆ ನೋಡಿಕೊಳ್ಳಿ. ಡಿಪೋ ಮ್ಯಾನೇಜರ್‌ಗೆ ಹೋಗುವ ಪತ್ರದ ಕೆಳಗಿನ ವಿಳಾಸ ಮತ್ತು ಸಹಿಯನ್ನು ಪ್ರಿಂಟ್ ತೆಗೆದ ಮೇಲೆ ಪೆನ್ನಿನಲ್ಲಿ ಹಾಕಿಸಿದರೆ ಸಾಕು.